ಬಾಗಿಲು ಓದುವ ಆರ್ಡಿಸ್

ಆರ್ಡಿಸ್ ಕ್ವಾಮೆಯ ವಿಷಯವನ್ನು ನಮ್ಮೂರಿನಲ್ಲಿ ಈಗ ಯಾರೂ ಎತ್ತುವುದಿಲ್ಲ. ಎತ್ತಿದರೆ ಹೋಗುವುದು ನಮ್ಮ ಮರ್ಯಾದೆಯೇ. ಆದರೂ ಯಾರಾದರೂ ಹೇಳಬೇಕಲ್ಲ, ನಾನೇ ಹೇಳುತ್ತೇನೆ. ನನ್ನ ಹೆಸರು ಮಾರ್ಲಿಸ್. ಅಮೆರಿಕದ ಉತ್ತರ ಡಕೋಟದ ಈ ಊರಿನಲ್ಲಿ ಇರುವುದು ಒಂದೇ ಹೋಟೆಲು, ಅದು ನನ್ನದು. ಇಪ್ಪತ್ತಾರು ವರ್ಷದಿಂದ ಇಲ್ಲಿನವರಿಗೆಲ್ಲ ಕಾಫಿ ಹಾಕಿಕೊಟ್ಟಿದ್ದೇನೆ, ಅವಳಿಗೂ ಹಾಕಿಕೊಟ್ಟಿದ್ದೇನೆ.

ಆರ್ಡಿಸ್ ಕುದುರೆ ಸಾಗಿಸುವವಳು. ಯಾರ ಕುದುರೆಗೆ ಹೊಟ್ಟೆ ಉಬ್ಬಿದರೂ, ಕಾಲು ಊದಿದರೂ ಟ್ರಕ್ಕಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಬಂದು, ನೂರು ಮೈಲಿ ದೂರದ ಪಶು ಆಸ್ಪತ್ರೆಗೆ ಒಯ್ಯುತ್ತಿದ್ದಳು. ಗಂಡ ವರ್ಡೆಲ್ ಸತ್ತ ಮೇಲೆ ಹನ್ನೊಂದು ವರ್ಷ ಅದರಲ್ಲೇ ಬದುಕಿದಳು. ತಮ್ಮ ಕುದುರೆಯನ್ನು ಸ್ವಂತ ಮಕ್ಕಳ ಕೈಗೂ ಕೊಡದವರು ಇವಳ ಕೈಗೆ ಹಗ್ಗ ಕೊಟ್ಟು ನಿಶ್ಚಿಂತೆಯಿಂದ ಇರುತ್ತಿದ್ದರು. ಅವಳಿಗೆ ಇದ್ದ ಆಸ್ತಿ ಆ ನಂಬಿಕೆ ಒಂದೇ.

ಅವಳಿಗೆ ಇನ್ನೊಂದು ಹೆಸರೂ ಇತ್ತು, ಬಾಗಿಲು ಓದುವವಳು ಎಂದು. ಪಿಕಪ್ ಟ್ರಕ್ಕಿನ ಚಾಲಕನ ಬಾಗಿಲು ತೆಗೆದರೆ ಅಂಚಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು, ಹಿಂದೆ ಕಟ್ಟಿದ ಟ್ರೇಲರಿನ ಮೂತಿ ಒತ್ತುವ ಭಾರ, ಎಲ್ಲ ಸೇರಿ ಆ ಗಾಡಿ ಎಷ್ಟು ಪೌಂಡು ಹೊರಬಹುದು ಎಂದು ಅದರಲ್ಲಿ ಇರುತ್ತದೆ. ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಟ್ರಕ್ಕುಗಳಿಗೂ ಅಂಕಿ ಬೇರೆ ಬೇರೆ. ನಮ್ಮ ಗಂಡಸರು ಟ್ರಕ್ ಕೊಳ್ಳುವಾಗ ಎಂಜಿನ್ ಸದ್ದು ಕೇಳುತ್ತಾರೆ, ಚಕ್ರ ಒದ್ದು ನೋಡುತ್ತಾರೆ, ಕೊನೆಗೆ ಅಪ್ಪ ಓಡಿಸುತ್ತಿದ್ದ ಕಂಪನಿಯದ್ದನ್ನೇ ತರುತ್ತಾರೆ. ಆರ್ಡಿಸ್ ಮಾತ್ರ ಸೀದಾ ಹೋಗಿ ಬಾಗಿಲು ತೆಗೆದು, ಕನ್ನಡಕ ಏರಿಸಿ, ಬಗ್ಗಿ ಓದುತ್ತಿದ್ದಳು.

"ಬಾಯಿ ಸುಳ್ಳು ಹೇಳುತ್ತೆ ಕಣೇ, ಬಾಗಿಲು ಹೇಳಲ್ಲ" ಎನ್ನುತ್ತಿದ್ದಳು.

ಕೇಳದಿದ್ದರೂ ಓದುತ್ತಿದ್ದಳು, ಅದೇ ಬಂದ ತೊಂದರೆ. ನನ್ನ ಗಂಡ ಗೇಲೆನ್ ಹೊಸ ಟ್ರಕ್ ತಂದು ಹೋಟೆಲಿನ ಮುಂದೆ ನಿಲ್ಲಿಸಿದ ದಿನ ಎಲ್ಲರೂ ಹೊರಗೆ ಬಂದು ಮೆಚ್ಚುತ್ತಿದ್ದರು. ಇವಳು ಬಗ್ಗಿ ಓದಿ ಎದ್ದು, "ಗೇಲೆನ್, ನೀನು, ಮಾರ್ಲಿಸ್, ಅವಳ ತಮ್ಮಂದಿರು ಇಬ್ಬರು ಕೂತ್ರೆ ಇದರ ಕಥೆ ಮುಗೀತು. ಮೀನು ಹಿಡಿಯೋಕೆ ಹೋಗುವಾಗ ದೋಣಿ ಮನೇಲೇ ಬಿಟ್ಟು ಹೋಗು" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗೇಲೆನ್ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನ್ನ ತಮ್ಮಂದಿರು ದಪ್ಪಗಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೂ ನನಗೆ ಹೊಟ್ಟೆ ಉರಿಯಿತು. ಊರಿನಲ್ಲಿ ಹೀಗೆ ಉರಿಸಿಕೊಂಡವರು ನಾವಿಬ್ಬರೇ ಆಗಿರಲಿಲ್ಲ.

ಎರಡು ವರ್ಷದ ಹಿಂದೆ ಅವಳ ಹಳೆಯ ಟ್ರಕ್ಕಿನ ಅಡಿಭಾಗವನ್ನೆಲ್ಲ ಚಳಿಗಾಲದ ರಸ್ತೆಯ ಉಪ್ಪು ತಿಂದುಹಾಕಿತು. ಇನ್ನೊಂದು ಕೊಳ್ಳಲೇಬೇಕಾಯಿತು. ಆ ಬೇಸಿಗೆಯೆಲ್ಲ ಟ್ರಕ್ ನೋಡುತ್ತ ಅಲೆದಳು, ಬಚ್ಚಲುಮನೆಯ ತೂಕದ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು. ತನ್ನನ್ನು, ನಾಯಿಯನ್ನು, ನೀರಿನ ಕ್ಯಾನುಗಳನ್ನು, ಟ್ರೇಲರ್ ಕಟ್ಟುವ ಕೊಕ್ಕೆಯನ್ನು ಎಲ್ಲವನ್ನೂ ತೂಗಿ ಬರೆದುಕೊಂಡಿದ್ದಳು.

ಬಿಸ್ಮಾರ್ಕ್ ನಗರದ ಶೋರೂಮಿನಲ್ಲಿ ಒಂದು ಬಿಳಿ ಟ್ರಕ್ ಇತ್ತು. ಚರ್ಮದ ಸೀಟು, ಗಾಜಿನ ಚಾವಣಿ. ಮಾರುವವನು "ಮೇಡಂ, ಇದಕ್ಕೆ ಕಟ್ಟಿದ್ರೆ ಮನೇನೇ ಎಳ್ಕೊಂಡು ಹೋಗುತ್ತೆ" ಎಂದನಂತೆ.

"ಮನೆ ಇದ್ದಲ್ಲೇ ಇರಲಿ. ನೀನು ಇದರ ಮೇಲೆ ನಿಲ್ಲು" ಎಂದು ಇವಳು ಯಂತ್ರವನ್ನು ನೆಲಕ್ಕಿಟ್ಟಳು. ಕುದುರೆಯ ಜೊತೆ ಅದರ ಮಾಲೀಕನೂ ಹೊರಟೇ ಹೊರಡುತ್ತಾನಲ್ಲ, ಅವನ ಲೆಕ್ಕಕ್ಕೆ ಈತನನ್ನು ತೂಗಿದಳು. ಬಾಗಿಲಿನಲ್ಲಿ ಇದ್ದದ್ದು ಸಾವಿರದ ಮುನ್ನೂರ ನಲವತ್ತು ಪೌಂಡು. "ಚರ್ಮ, ಗಾಜು ಅಂತ ಮೈಮೇಲಿನ ಕೋಟೇ ಇಷ್ಟು ತೂಗಿದ್ರೆ ಇದು ಕುದುರೆ ಭಾರ ಎಲ್ಲಿ ತಡೆಯುತ್ತೆ?" ಎಂದು ಕೇಳಿ ಬಂದಳಂತೆ. ಇದನ್ನು ಹೋಟೆಲಿನಲ್ಲಿ ಅಭಿನಯಿಸಿ ತೋರಿಸಿದಾಗ ನಾನೂ ನಕ್ಕಿದ್ದೆ.

ಎರಡನೆಯದು ಕೆಂಪು, ಒಬ್ಬ ಗೋಧಿ ರೈತನದ್ದು. ಸಾವಿರದ ಎಂಟುನೂರು ಹೊರುತ್ತಿತ್ತು. ಆದರೆ ಅದಕ್ಕೆ ಹಿಂದಿನ ಸೀಟೇ ಇಲ್ಲ. ನಾಯಿಯನ್ನು ಮಾಲೀಕನ ತೊಡೆಯ ಮೇಲೆ ಕೂರಿಸಬೇಕು. ಬೇರೇನೂ ಸಿಗದಿದ್ದರೆ ಅದನ್ನೇ ತರುತ್ತೇನೆ ಎಂದುಕೊಂಡಿದ್ದಳು.

ಮೂರನೆಯದು ನನ್ನ ಹೋಟೆಲಿನ ಎದುರಿಗೇ ಇತ್ತು. ಒರ್ಲಿನ್ ಬಾಕೆನ್ ಅಪಘಾತವಾದ ಗಾಡಿ ತಂದು ರಿಪೇರಿ ಮಾಡಿ ಮಾರುತ್ತಾನೆ. ವರ್ಡೆಲ್‌ನ ಶವಪೆಟ್ಟಿಗೆಯ ಮುಂದಿನ ಮೂಲೆ ಹೊತ್ತವನು ಅವನೇ. ಪ್ರತಿ ಚಳಿಗಾಲ ಆರ್ಡಿಸ್ ಕೇಳುವ ಮೊದಲೇ ಅವಳ ಅಂಗಳದ ಹಿಮ ಬಳಿದು ಹೋಗುತ್ತಿದ್ದ. ಅವನ ಬಳಿ ಬೆಳ್ಳಿ ಬಣ್ಣದ ಟ್ರಕ್ ಒಂದು ಮಾರಾಟಕ್ಕಿತ್ತು. ಅದಕ್ಕೆ ಜಿಂಕೆ ಅಡ್ಡ ಬಂದು ಚಾಲಕನ ಕಡೆಯ ಬಾಗಿಲು ನಜ್ಜುಗುಜ್ಜಾಗಿತ್ತು. ಏಪ್ರಿಲಿನಲ್ಲಿ ಒರ್ಲಿನ್ ಗುಜರಿಯಿಂದ ಅದೇ ಬಣ್ಣದ ಬೇರೆ ಟ್ರಕ್ಕಿನ ಬಾಗಿಲು ತಂದು ಕೂರಿಸಿದ. ಆ ಬಾಗಿಲು ಹೆಚ್ಚು ಭಾರ ಹೊರುವ ಯಾವುದೋ ಸಾದಾ ಗಾಡಿಯದ್ದು, ಅದರ ಚೀಟಿ ಹಾಗೇ ಇತ್ತು. ಕೂರಿಸುವಾಗ ಎತ್ತಿ ಹಿಡಿದವನು ನನ್ನ ಗಂಡ. ನಾನು ಕಾಫಿ ಕೊಡಲು ಹೋಗಿ ನಿಂತು ನೋಡಿದ್ದೆ. ಹಾಗೆ ಬಾಗಿಲು ಬದಲಾಯಿಸುವುದು ತಪ್ಪಲ್ಲ, ಎಲ್ಲ ಗ್ಯಾರೇಜಿನವರೂ ಮಾಡುತ್ತಾರೆ. ತಪ್ಪು ನಡೆದದ್ದು ಆಮೇಲೆ.

ಜುಲೈನಲ್ಲಿ ಒಂದು ಬೆಳಗ್ಗೆ ಆರ್ಡಿಸ್ ಆ ಟ್ರಕ್ಕಿನ ಬಾಗಿಲು ತೆಗೆದು ಬಗ್ಗಿದಳು. ಒರ್ಲಿನ್, ಗೇಲೆನ್, ದಿನಾ ನನ್ನ ಕಾಫಿ ಮೇಜಿಗೆ ಬರುವ ಇನ್ನಿಬ್ಬರು, ನಾನು, ಎಲ್ಲ ಅಲ್ಲೇ ಇದ್ದೆವು. ಅವಳು ಎರಡು ಸಲ ಓದಿದಳು.

"ಎರಡು ಸಾವಿರದ ಅರವತ್ತು. ಒರ್ಲಿನ್, ಇಂಥದ್ದನ್ನ ಇಲ್ಲೇ ಇಟ್ಕೊಂಡು ನನ್ನನ್ನ ಬಿಸ್ಮಾರ್ಕ್‌ವರೆಗೂ ಅಲೆಸಿದ್ಯಲ್ಲೋ ಮಾರಾಯ" ಎಂದಳು.

ಒರ್ಲಿನ್ ನಮ್ಮ ಮುಖ ನೋಡಿದ. ನಾವು ಅವನ ಮುಖ ನೋಡಿದೆವು. ಅವನು ಕೈ ಒರೆಸಿಕೊಂಡು, "ಬಾಗಿಲು ಏನು ಹೇಳುತ್ತೋ ಅದೇ ಕಣಮ್ಮಾ, ನಾನೇನು ಹೇಳಲಿ" ಎಂದ. ಗೇಲೆನ್‌ಗೆ ಕೆಮ್ಮು ಬಂತು. ನನಗೆ ನಗು ಬಂತು, ತುಟಿ ಕಚ್ಚಿಕೊಂಡೆ. ಊರಿಗೆಲ್ಲ ಬಾಗಿಲು ಓದಿ ಹೇಳಿದವಳಿಗೆ ಬಾಗಿಲೇ ಟೋಪಿ ಹಾಕಿತು ಎನ್ನಿಸಿ ಒಳಗೊಳಗೇ ಹಿತವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ. ಹಣ ಕೊಡುವ ಮೊದಲು ಒರ್ಲಿನ್ ಹೇಳಿಯೇ ಹೇಳುತ್ತಾನೆ ಎಂದುಕೊಂಡೆ. ಒರ್ಲಿನ್ ನಮ್ಮಲ್ಲಿ ಯಾರಾದರೂ ಹೇಳುತ್ತಾರೆ ಎಂದುಕೊಂಡನಂತೆ. ಇನ್ನೊಬ್ಬರ ವ್ಯಾಪಾರದಲ್ಲಿ ಮೂಗು ತೂರಿಸುವುದು ನಮ್ಮಲ್ಲಿ ಸಭ್ಯತೆಯಲ್ಲ. ಆ ಸಭ್ಯತೆಯ ಮರೆಯಲ್ಲಿ ಎಲ್ಲರೂ ಸುಮ್ಮನಿದ್ದೆವು, ಅವಳು ಹಣ ಕೊಟ್ಟು ಟ್ರಕ್ ತೆಗೆದುಕೊಂಡು ಹೋದಳು.

ಮುಂದಿನ ಗಾಜಿನ ಕೆಳಗೆ ಕಂಪನಿಯವರು ಆ ಗಾಡಿಗಷ್ಟೇ ಕೊಟ್ಟ ನಂಬರ್ ಇರುತ್ತದೆ, ಬಾಗಿಲಿನ ಚೀಟಿಯಲ್ಲೂ ಅದೇ ಇರಬೇಕು. ಬಿಳಿ ಟ್ರಕ್ಕಿನಲ್ಲಿ ಅವಳು ಎರಡನ್ನೂ ಹೋಲಿಸಿ ನೋಡಿದ್ದಳು. ಕೆಂಪಿನಲ್ಲೂ ನೋಡಿದ್ದಳು. ಒರ್ಲಿನ್‌ನ ಟ್ರಕ್ಕಿನಲ್ಲಿ ನೋಡಲಿಲ್ಲ. ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನ ಗಾಡಿಯಲ್ಲಿ ಯಾರು ನೋಡುತ್ತಾರೆ?

ಅಕ್ಟೋಬರಿನಲ್ಲಿ ಟಿಲ್ಮನ್ ಎಂಬ ಮುದುಕನ ಎರಡು ಭಾರೀ ಉಳುಮೆ ಕುದುರೆಗಳಿಗೆ ಜ್ವರ ಬಂತು. ಆರ್ಡಿಸ್ ಎಂದಿನಂತೆ, ಜೊತೆಗೆ ಹೊರಟ ಟಿಲ್ಮನ್‌ನನ್ನೂ ಸೇರಿಸಿ, ಎಲ್ಲವನ್ನೂ ತೂಗಿದಳು. ಕುದುರೆಗಳ ಬಹುಪಾಲು ಭಾರವನ್ನು ಟ್ರೇಲರಿನ ಚಕ್ರಗಳೇ ಹೊರುತ್ತವೆ, ಟ್ರಕ್ಕಿನ ಮೇಲೆ ಬೀಳುವ ಭಾರ ಸಾವಿರದ ಏಳುನೂರ ನಲವತ್ತು. ಬಾಗಿಲಿನ ಪ್ರಕಾರ ಇನ್ನೂ ಮುನ್ನೂರಕ್ಕೆ ಜಾಗವಿತ್ತು. ಆಸ್ಪತ್ರೆಯ ದಾರಿಯಲ್ಲಿ, ನದಿಯ ಇಳಿಜಾರಿನ ತಿರುವಿನಲ್ಲಿ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾದವು, ಸ್ಟೇರಿಂಗ್ ಕೈಯಲ್ಲಿ ಸಡಿಲಾಯಿತು, ಟ್ರೇಲರ್ ಬಾಲ ಬೀಸತೊಡಗಿತು. ಅವಳು ಹೇಗೋ ಹಳ್ಳಕ್ಕೆ ಇಳಿಸಿ ನಿಲ್ಲಿಸಿದಳು. ಅವಳ ಭುಜದ ಮೂಳೆ ಮುರಿಯಿತು. ಒಂದು ಕುದುರೆಯ ಕಾಲು ಮುರಿದು, ಪಶುವೈದ್ಯರು ಬಂದು ರಸ್ತೆಯ ಪಕ್ಕದಲ್ಲೇ ಕೊನೆಯ ಇಂಜೆಕ್ಷನ್ ಕೊಟ್ಟರು. ಟಿಲ್ಮನ್ ಅದರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದನಂತೆ.

"ಆರ್ಡಿಸ್ ಮಿತಿಮೀರಿ ಭಾರ ಹಾಕಿದಳಂತೆ" ಎಂಬ ಮಾತು ವಾರದೊಳಗೆ ಸುತ್ತಮುತ್ತಲ ಊರಿಗೆಲ್ಲ ಹರಡಿತು. ನನ್ನ ಹೋಟೆಲಿನಲ್ಲೇ ಹತ್ತಾರು ಸಲ ಕೇಳಿದೆ. ಕೇಳಿಯೂ ಕಾಫಿ ಹಾಕುತ್ತ ಓಡಾಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಕುದುರೆ ಸತ್ತ ಮೇಲೆ ಹೇಳುವುದು ಇನ್ನೂ ಕಷ್ಟವಾಗಿತ್ತು.

ವಿಮೆಯವರಿಂದ ಅವಳಿಗೆ ಪತ್ರ ಬಂತು. ಆ ಟ್ರಕ್ ಹೊರುವುದು ಸಾವಿರದ ಇನ್ನೂರ ತೊಂಬತ್ತು ಮಾತ್ರ, ಬಾಗಿಲು ಬೇರೆ ಗಾಡಿಯದ್ದು, ಅದನ್ನು ನೀವೇ ಬದಲಾಯಿಸಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದ್ದರು. ಅವಳು ನಕ್ಕು ಬಿಟ್ಟು ಬಂದ ಬಿಳಿ ಟ್ರಕ್ಕಿಗಿಂತಲೂ ಇದು ಐವತ್ತು ಪೌಂಡು ಕಡಿಮೆ.

ಮರುದಿನ ಬೆಳಗ್ಗೆ ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಜೋತುಹಾಕಿಕೊಂಡು ಹೋಟೆಲಿಗೆ ಬಂದಳು. ಕೂರದೆ ಸೀದಾ ಕಾಫಿ ಮೇಜಿನ ಹತ್ತಿರ ಹೋದಳು.

"ಒರ್ಲಿನ್, ನಿನಗೆ ಗೊತ್ತಿತ್ತಾ?"

"ನಾನು ಸುಳ್ಳು ಹೇಳಿಲ್ಲ ಆರ್ಡಿಸ್" ಎಂದ ಅವನು. "ನೀನು ಓದಿದೆ. ನೀನೇ ಓದಿದೆ."

"ನಾನು ಏನು ಓದ್ತೀನಿ, ಏನು ಓದಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?"

ಅವನು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ. ಅವಳು ಗೇಲೆನ್‌ನನ್ನು ನೋಡಿದಳು. ಗೇಲೆನ್ ಕಿಟಕಿಯ ಕಡೆ ತಿರುಗಿದ. ಕಡೆಗೆ ನನ್ನ ಹತ್ತಿರ ಬಂದಳು.

"ಮಾರ್ಲಿಸ್, ನಿನಗೆ?"

"ಗೊತ್ತಿತ್ತು" ಎಂದೆ.

"ಒರ್ಲಿನ್‌ಗೆ ಟ್ರಕ್ ಸಾಗಹಾಕಬೇಕಿತ್ತು, ಬಾಯಿ ಮುಚ್ಕೊಂಡ. ನಿನಗೇನು ಸಿಕ್ತು?"

ಒಂದು ನಗು ಸಿಕ್ಕಿತ್ತು, ಅದನ್ನೂ ಬಾಯಿಬಿಟ್ಟು ನಗಲಾಗಿರಲಿಲ್ಲ. ಹೇಳಲು ತೋಚಿದ್ದು ಇಷ್ಟೇ, "ನಾನು ಬರೆದುಕೊಡ್ತೀನಿ ಆರ್ಡಿಸ್. ವಿಮೆಯವರಿಗೆ. ಈಗಲೇ."

ಅಲ್ಲೇ ಗಲ್ಲಾದ ಪಕ್ಕದಲ್ಲಿ ನಿಂತು ಬರೆದೆ. ಬಾಗಿಲು ಬದಲಾದದ್ದು ಏಪ್ರಿಲಿನಲ್ಲಿ, ಮಾಡಿದವನು ಒರ್ಲಿನ್, ಎತ್ತಿ ಹಿಡಿದವನು ನನ್ನ ಗಂಡ, ನಾನು ಕಣ್ಣಾರೆ ನೋಡಿದ್ದೇನೆ, ಆರ್ಡಿಸ್ ಕೊಂಡದ್ದು ಜುಲೈನಲ್ಲಿ. ಗಂಡನ ಹೆಸರನ್ನೂ ಮುಚ್ಚಿಡಲಿಲ್ಲ. ರುಜು ಹಾಕಿ ಕೊಟ್ಟೆ.

ಅವಳು ಕಾಗದವನ್ನು ನಿಧಾನವಾಗಿ ಓದಿದಳು. ಆಮೇಲೆ ಗೋಡೆಯ ಮೇಲಿದ್ದ ನನ್ನದೇ ಫೋನಿನಿಂದ ಗುಜರಿಯವನಿಗೆ ಕರೆ ಮಾಡಿದಳು. "ಬೆಳ್ಳಿ ಬಣ್ಣದ ಬಾಗಿಲು, ಬಾಕೆನ್ ಅನ್ನೋರಿಗೆ ಯಾವಾಗ ಕೊಟ್ರಿ?" ಎಂದು ಕೇಳಿದಳು. ಅವನು ಹುಡುಕುವವರೆಗೆ ನನ್ನ ಕಡೆ ನೋಡದೆ ಕಾದಳು. ಆಮೇಲೆ "ಏಪ್ರಿಲ್, ಅಲ್ವಾ?" ಎಂದು ಖಚಿತ ಮಾಡಿಕೊಂಡು ಫೋನ್ ಇಟ್ಟು, ನಾನು ಬರೆದ ತಿಂಗಳಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿ, ಕಾಗದವನ್ನು ಮಡಚಿ ವಿಮೆಯವರ ಲಕೋಟೆಗೆ ಹಾಕಿಕೊಂಡಳು.