ಬಸಂತರಾಯರ ಮುಯ್ಯಿ

ಸಿಂದಗಿಯಲ್ಲಿ ತಾವೇ ಕಂಪ್ಯೂಟರ್ ಜೋಡಿಸಿ, ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುವ ಬಸಂತರಾಯರ ಅಂಗಡಿಯಿಂದ ಚಹಾ ಕುಡಿಯದೆ, ದೇಶದೇಶದ ಮಂದಿ ಕೂಡಿ ಬರೆದು ಎಲ್ಲರಿಗೂ ಹಂಚುವ ಲಿನಕ್ಸ್ ಎಂಬ ಸಾಫ್ಟ್‌ವೇರಿನ ಪುರಾಣ ಕೇಳದೆ ಯಾರೂ ಹೊರಬಿದ್ದದ್ದಿಲ್ಲ. "ಸಾಫ್ಟ್‌ವೇರ್ ಪುಕ್ಕಟೆ ಏನ್ರಿ?" ಎಂದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. "ಪುಕ್ಕಟೆ ಅಲ್ರಿ, ಮುಯ್ಯಿ! ಅವರು ನಮ್ಮ ಹೊಲಕ್ಕ ದುಡಿಯಾಕ ಬಂದ್ರ, ನಾವೂ ಅವರ ಹೊಲಕ್ಕ ಹೋಗಬೇಕು." ಅದಕ್ಕೇ ಊರ ಎತ್ತುಗಳಿಗೆ ಬಿಡುವಿರುವ ಸೋಮವಾರ ಇವರೂ ವ್ಯಾಪಾರ ಬಿಟ್ಟು, ಆ ಸಾಫ್ಟ್‌ವೇರಿನ ತಪ್ಪು ತಿದ್ದಿ, ಮುಖ ಕಾಣದ ಆ ಮಂದಿಗೆ ಕಳಿಸುತ್ತಾರೆ. ಮೊನ್ನೆ ದೇವಣಗಾಂವದ ಮಾಸ್ತರರು ಬಂದು, "ಸಾಲಿಗೆ ಹತ್ತು ಕಂಪ್ಯೂಟರ್ ಇಂಡಿ ಊರಿನ ಅಂಗಡ್ಯಾಗ ತಗೊಂಡ್ವಿರಿ, ಅವರೂ ಲಿನಕ್ಸೇ ಹಾಕಿ ಕೊಟ್ಟಾರ. ಅವರದರಾಗ ಪ್ರಿಂಟ್ ತಗದ್ರ ಕನ್ನಡದ ಒತ್ತಕ್ಷರ ಒಡಿಯೂದಿಲ್ಲ," ಎಂದು ಹಾಳೆಯೊಂದನ್ನು ತೋರಿಸಿದರು. ಮೂರು ತಿಂಗಳ ಸೋಮವಾರಗಳನ್ನು ಸುರಿದು ಆ ಒತ್ತಕ್ಷರ ಸರಿಪಡಿಸಿ ಎಲ್ಲರಿಗೂ ಬಿಟ್ಟುಕೊಟ್ಟವರು ಬಸಂತರಾಯರೇ. ಅವರು ಆ ಹಾಳೆಯ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿ, "ಇನ್ನೊಂದು ಚಹಾ ಹೇಳ್ಲೇನ್ರಿ?" ಎಂದರು.