ಬನದೊಳಗೆ ತರುಬಿದ ಕುರಿಗಳು

ಧುಪದಾಳದ ಒಡ್ಡಿನಿಂದ ಮೇಲಕ್ಕೆ, ಹೊಳೆಯ ದಂಡೆಗುಂಟ ಒಂದು ಬನವಿದೆ. ಹೆಚ್ಚಿನವು ಹೊಳೆಮತ್ತಿಯ ಮರಗಳು, ನಡುನಡುವೆ ಕರಿಜಾಲಿ. ಯಾರೂ ನೆಟ್ಟದ್ದಲ್ಲ. ನಾನು ಇಲ್ಲಿಯ ಶಾಲೆಗೆ ಮಾಸ್ತರನಾಗಿ ಬಂದ ಕಾಲಕ್ಕೆ ಅದು ಬಹಳ ದಟ್ಟವಾಗಿತ್ತು. ಮಕ್ಕಳನ್ನು ವನಭೋಜನಕ್ಕೆ ಕರೆದೊಯ್ದರೆ ಹುಡುಕಿ ತರುವುದೇ ಒಂದು ಕೆಲಸವಾಗುತ್ತಿತ್ತು. ಇಟ್ಟಂಗಿ ಭಟ್ಟಿಗಳು ಬಂದ ಮೇಲೆ ಅವುಗಳ ಉರುವಲಿಗಾಗಿ ಬನ ಸವೆಯುತ್ತ ಹೋಯಿತು.

ಉಳಿದಷ್ಟು ಉಳಿದದ್ದು ಇಬ್ಬರು ಹೆಂಗಸರಿಂದ. ಒಂದು ಮುಂಜಾನೆ ಗರಗಸ ಹಿಡಿದು ಬಂದವರ ಎದುರಿಗೆ ಕುರಿಗಾರ ಮಾಲಿಂಗಪ್ಪನ ಹೆಂಡತಿ ಫಕೀರವ್ವ ಒಂದು ಮತ್ತಿಯ ಬುಡದಲ್ಲಿ ಕುಳಿತುಬಿಟ್ಟಳು. ಅವಳನ್ನು ಕಂಡು ಬಡಿಗ ಶಬ್ಬೀರನ ಹೆಂಡತಿ ಚಮನಬಿ ಇನ್ನೊಂದರ ಬುಡದಲ್ಲಿ ಕುಳಿತಳು.

"ಏಳ್ರಿ ಅಕ್ಕಾರ, ಮರ ಮೈಮ್ಯಾಲೆ ಬೀಳತೈತಿ," ಎಂದರು ಬಂದವರು.

"ಬೀಳ್ಲಿ ಬಿಡ್ರಿ. ಮುಂದ ನಮ್ಮ ಗಂಡಸರಿಗೆ ರೊಟ್ಟಿ ಬಡಿಯೂದು ಮಾತ್ರ ನಿಮ್ಮ ಪಾಳಿ," ಎಂದಳು ಫಕೀರವ್ವ.

ಅವರು ನಕ್ಕು ಹೋದರು, ಮತ್ತೆ ಬರಲಿಲ್ಲ. ಆಮೇಲೆ ಊರವರು ಕೂಡಿ ಕಟ್ಟು ಮಾಡಿಕೊಂಡರು: ಬಿದ್ದ ಕಟ್ಟಿಗೆಯನ್ನಷ್ಟೇ ಆರಿಸಬೇಕು, ಬನದಲ್ಲಿ ಕೊಡಲಿ ಎತ್ತಬಾರದು. ಆದರೆ ಮೊದಲೇ ಕಡಿದುಹೋಗಿದ್ದ ಜಾಗಗಳು ಬೋಳಾಗಿಯೇ ಉಳಿದವು.

ಹೋದ ವರ್ಷ ಫಕೀರವ್ವ ಕಾಮಾಲೆಯಿಂದ ತೀರಿಕೊಂಡಳು. ಮಾಲಿಂಗಪ್ಪ ಅಳಲಿಲ್ಲ. ರೊಟ್ಟಿ ಕೊಟ್ಟರೆ ತಿಂದ, ಮಾತಾಡಿಸಿದರೆ ಉತ್ತರ ಕೊಟ್ಟ, ಕುರಿಗಳ ಹಿಂದೆ ನಡೆದ. ಬೇಸಿಗೆಯ ಮೊದಲಿಗೆ ನನ್ನ ಕಟ್ಟೆಗೆ ಬಂದು ಕುಳಿತು ಹೇಳಿದ: "ಮಾಸ್ತರ್ರ, ಬನದಾಗ ಕುರಿ ತರುಬಬೇಕಂತ ಮಾಡೇನ್ರಿ."

ನಮ್ಮ ಕಡೆ ರೈತರು ಕುರಿಗಾರರನ್ನು ಕರೆದು, ಹಿಂಡನ್ನು ರಾತ್ರಿ ತಮ್ಮ ಹೊಲದಲ್ಲಿ ಮಲಗಿಸಿಕೊಳ್ಳುತ್ತಾರೆ. ಇದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಜೋಳ ಕುರಿಗಾರನಿಗೆ. ಬನದ ಬೋಳು ಜಾಗಕ್ಕೆ ಗೊಬ್ಬರ ಬಿದ್ದರೆ, ಕುರಿ ತಿಂದ ಕಾಯಿಯಿಂದ ಹಿಕ್ಕೆಯಲ್ಲಿ ಬಂದ ಕರಿಜಾಲಿ ಬೀಜ ಮಳೆಗೆ ಮೊಳೆಯುತ್ತದೆಂಬುದು ಮಾಲಿಂಗಪ್ಪನ ಲೆಕ್ಕ.

"ಜ್ವಾಳಾ ಯಾರು ಅಳೀತಾರೋ ಕಾಕಾ, ಮರಗೋಳೇನು?" ಎಂದು ಶಬ್ಬೀರ ಚೇಷ್ಟೆ ಮಾಡಿದ.

"ಆಕಿ ಹೆಸರಿಲೆ ತರುಬಾಕತ್ತೇನಿ. ಜ್ವಾಳಾ ಯಾಕ?"

ಇಡೀ ಬೇಸಿಗೆ ಹಿಂಡು ಬನದಲ್ಲಿ ಮಲಗಿತು. ಮಳೆ ಬಿದ್ದದ್ದೇ ತಡ, ಬೋಳು ನೆಲವೆಲ್ಲ ಸಸಿಗಳಿಂದ ತುಂಬಿತು. ಚಮನಬಿ ಕಂಡಕಂಡವರ ಬಾಯಿಗೆ ಸಕ್ಕರೆ ಹಾಕಿದಳು. ಮಾಲಿಂಗಪ್ಪನೂ ತಿಂದ. ಸಿಹಿಯೋ ಸಪ್ಪೆಯೋ ಮುಖದಲ್ಲಿ ತಿಳಿಯಲಿಲ್ಲ.

ಸಸಿಗಳು ಗೇಣುದ್ದ ಬೆಳೆದಾಗ ಶಬ್ಬೀರ ಒಂದನ್ನು ಕಿತ್ತು, ಎಲೆ ಮುಳ್ಳು ತಿರುವಿ ನೋಡಿದ. ಅಂದು ಅವನು ಚೇಷ್ಟೆ ಮಾಡಲಿಲ್ಲ.

"ಕಾಕಾ, ಇದು ನಮ್ಮ ಜಾಲಿ ಅಲ್ಲೋ. ಬಳ್ಳಾರಿ ಜಾಲಿ."

ಮಾಲಿಂಗಪ್ಪ ಸಸಿಯನ್ನು ಕೈಗೆ ತೆಗೆದುಕೊಂಡ. "ಹೌದು," ಎಂದ. "ಹುಲ್ಲು ಒಣಗಿದ ಮ್ಯಾಲೆ ಕುರಿ ಕಾಲವಿ ದಂಡಿ ಮ್ಯಾಲಿನ ಬಳ್ಳಾರಿ ಜಾಲಿ ಕಾಯಿನೂ ತಿಂದಾವು. ನಾನ ಉದುರಿಸಿ ಹಾಕೀನಿ."

ಹೊರಗಿನಿಂದ ಬಂದ ಈ ಜಾಲಿ ಬೇರೂರಿತೆಂದರೆ ತನ್ನ ಕೆಳಗೆ ಬೇರೊಂದು ಸಸಿಯನ್ನು ಏಳಗೊಡುವುದಿಲ್ಲ. ಕಡಿದರೆ ಮತ್ತಷ್ಟು ಚಿಗುರುತ್ತದೆ. ನೆಲ ಹಸಿಯಾಗಿದ್ದಾಗಲೇ ಬೇರುಸಹಿತ ಕೀಳಬೇಕು. ಬಿಟ್ಟರೆ ಮತ್ತಿಯ ಒಂದು ಮರಿಯೂ ಅಲ್ಲಿ ಬೆಳೆಯದು. ಹೆಂಡತಿ ಮೈಯೊಡ್ಡಿ ಉಳಿಸಿದ ಬನಕ್ಕೆ ಗಂಡ ಅವಳ ಹೆಸರಿನಲ್ಲಿಯೇ ಇದನ್ನು ಬಿತ್ತಿದ್ದ.

ಊರವರು ಸೇರಿದರು. ಬೈಯುವವರು ಯಾರೂ ಇರಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಕೊನೆಗೆ ಚಮನಬಿಯೇ ಬಾಯಿಬಿಟ್ಟಳು.

"ಅಣ್ಣಾ, ಸಿಟ್ಟಾಗಬ್ಯಾಡ. ನೀ ಬಾ. ಕುರಿ ಮಾತ್ರ ಇನ್ನ ಬನದಾಗ ಬ್ಯಾಡ."

"ಕುರಿ ಬಿಟ್ಟು ನಾ ಒಬ್ಬಾವ ಎಲ್ಲೆ ಹೋಗೇನಿ, ತಂಗಿ?" ಬಸ್ಸಿನ ವೇಳೆ ಕೇಳಿದಂತೆ ಕೇಳಿದ. ಚಮನಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನೇ ಮುಂದುವರಿಸಿದ: "ಆತು. ಬ್ಯಾಡ ಅಂದ್ರ ಬ್ಯಾಡ."

ತೊಡಕು ಬೇರೆಯೇ ಇತ್ತು. ಮಳೆಗಾಲದ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತದೆ. ವರ್ಷವೂ ಈ ಹೊತ್ತಿಗೆ ಅವನು ಹಿಂಡನ್ನು ಕೌಜಲಗಿ ಕಡೆಯ ಮಡ್ಡಿಗೆ, ನೀರು ನಿಲ್ಲದ ಗಟ್ಟಿ ನೆಲಕ್ಕೆ, ಹೊಡೆದುಕೊಂಡು ಹೋಗುತ್ತಿದ್ದ. ಈಗ ಹೋದರೆ ತಿರುಗಿ ಬರುವಷ್ಟರಲ್ಲಿ ಬೇರು ಆಳಕ್ಕಿಳಿದಿರುತ್ತದೆ. ಮಾಲಿಂಗಪ್ಪ ಕುಲಗೋಡದಿಂದ ತಮ್ಮನ ಮಗ ಭೀಮಶಿಯನ್ನು ಕರೆಸಿ ಹಿಂಡನ್ನು ಒಪ್ಪಿಸಿದ. ಅಲ್ಲಿಯವರೆಗೆ ಒಮ್ಮೆಯೂ ಮಾಲಿಂಗಪ್ಪನಿಲ್ಲದೆ ಹಿಂಡು ಊರು ದಾಟಿರಲಿಲ್ಲ. ಮುಂದಾಳು ಟಗರು ದಾರಿಯಲ್ಲಿ ಮತ್ತೆ ಮತ್ತೆ ನಿಂತು ಹಿಂದಿರುಗಿ ನೋಡಿತು.

"ದೊಡ್ಡಪ್ಪಾ, ಕೂಗಬ್ಯಾಡ ಮತ್ತ, ತಿರುಗಿ ಬರ್ತಾವ," ಎಂದ ಭೀಮಶಿ.

ಅವನು ಕೂಗಲಿಲ್ಲ.

ಮರುದಿನದಿಂದ ಊರಿನವರು ಕೀಳಲು ಬಂದರು, ನಾನೂ ಹೋದೆ. ಬರಬರುತ್ತ ಬಿತ್ತನೆಯ ಕೆಲಸಕ್ಕೆ ಜನ ಚದುರಿದರು. ಮಾಲಿಂಗಪ್ಪ ಮಾತ್ರ ನಿತ್ಯವೂ ಬಂದ. ಮೊಣಕಾಲೂರಿ, ಬುಡ ಸಡಿಲಿಸಿ, ಕಿತ್ತು, ಪಕ್ಕಕ್ಕಿಟ್ಟು ಮುಂದೆ ಸರಿಯುತ್ತಿದ್ದ. ಮುಳ್ಳು ತರಚಿ ಕೈಯಿಂದ ರಕ್ತ ಬಂದಿತ್ತು.

"ಉರಿಯಂಗಿಲ್ಲೇನೋ?" ಎಂದೆ.

"ಗೊತ್ತಾಗವಲ್ದು ರೀ ಮಾಸ್ತರ್ರ."

ನಾನೂ ಅವನ ಬಾಜುವಿಗೆ ಕುಳಿತು ಕೀಳತೊಡಗಿದೆ.

ಮಳೆ ಹಿಂದೆಗೆಯುವ ಹೊತ್ತಿಗೆ ಬನದ ನೆಲ ಬಹುಮಟ್ಟಿಗೆ ಹಸನಾಯಿತು. ಹೊಳೆಯ ಕಡೆಯ ಅಂಚಿನಲ್ಲಿ ಅಷ್ಟಿಷ್ಟು ಉಳಿದಿದ್ದವು. ನಾವಿಬ್ಬರೂ ಅಲ್ಲಿ ಕೀಳುತ್ತಿದ್ದಾಗಲೇ ಭೀಮಶಿಯ ಫೋನು ಬಂತು. ಮಾಲಿಂಗಪ್ಪನಿಗೆ ಕಿವಿ ಮಂದ. ದನಿಯನ್ನು ಹೊರಗೆ ಕೇಳುವಂತೆ ಇಟ್ಟಿದ್ದ.

"ದೊಡ್ಡಪ್ಪಾ, ನಾಳೆ ಧುಪದಾಳ ಮುಟ್ಟತೇವಿ. ಹಿಂಡು ಎಲ್ಲೆ ನಿಂದ್ರಿಸ್ಲಿ?"

"ಬನದ ಹೊರಗ. ಸಡಕಿನ ಆಚಿ ಬಾಜೂಕ."

"ಅಲ್ಲೆ ನೆಳ್ಳಿಲ್ಲಲ್ಲ?"

"ಇಲ್ಲ," ಎಂದ ಮಾಲಿಂಗಪ್ಪ. "ಕಂಬಳಿ ತರ್ತೇನಿ. ನಾನೂ ಅಲ್ಲೇ ಮಲಗ್ತೇನಿ."

ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಮುಂದಿನ ಸಸಿಗೆ ಕೈ ಚಾಚಿದ.