ನೀಲವ್ವನ ಕನಸಿಗೆ ಬೇರೆ ಕೊನೆ

ರೋಗ ಮೊದಲು ಕಂಡದ್ದು ನನ್ನ ಮಣಿಕಟ್ಟಿನ ಮೇಲೆ. ಪಕ್ಕದಲ್ಲಿ ಮಲಗಿದ್ದ ನೀಲವ್ವ ನಿದ್ದೆಯಲ್ಲಿ ನನ್ನ ಕೈ ಹಿಡಿದಿದ್ದಳು. ಬೆಳಿಗ್ಗೆ ನೋಡಿದರೆ ನಾಲ್ಕು ಉಗುರುಗಳ ಗುರುತು. ರಕ್ತ ಹೆಪ್ಪುಗಟ್ಟಿತ್ತು.

ನೀಲವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಕಾಖಂಡಕಿಯ ಮನೆಯಲ್ಲಿ ನಮ್ಮಿಬ್ಬರದು ಒಂದೇ ಒಲೆ. ಹೋದ ವರ್ಷ, ಎಮರ್ಜೆನ್ಸಿ ಬಂದ ವರ್ಷದ ಮಳೆಗಾಲದಲ್ಲಿ, ಅವಳು ನನ್ನ ಆರು ವರ್ಷದ ಮಗಳು ಗಂಗಿಯನ್ನು ಕರೆದುಕೊಂಡು ಹೊಲದಿಂದ ಬರುತ್ತಿದ್ದಳು. ನಮ್ಮೂರಲ್ಲಿ ಹನಿ ಬಿದ್ದಿರಲಿಲ್ಲ. ಮೇಲಿನ ಊರುಗಳಲ್ಲಿ ಸುರಿದ ಮಳೆಯ ನೀರು, ಇಬ್ಬರೂ ಹಳ್ಳದ ನಡುವೆ ಇದ್ದಾಗ ಒಮ್ಮೆಲೇ ಬಂತು. ನೀಲವ್ವ ಒಂದು ಕೈಯಲ್ಲಿ ಜಾಲಿಯ ಟೊಂಗೆ ಹಿಡಿದಳು, ಇನ್ನೊಂದರಲ್ಲಿ ಮಗುವನ್ನು.

ಮಗುವಿನ ಕೈ ಜಾರಿತು.

ಗಂಗಿ ಸಿಕ್ಕದ್ದು ಎರಡನೆಯ ದಿನ.

ಆಮೇಲೆ ನೀಲವ್ವನಿಗೆ ಕಣ್ಣು ಮುಚ್ಚಿದರೆ ನೀರು ಬರುತ್ತಿತ್ತು. ಎರಡು ತಾಸು ಮಲಗಿದರೆ ಹೆಚ್ಚು. ನಿದ್ದೆಗೆ ಹೆದರಿ ನಿಂತೇ ಇರುತ್ತಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ ತೂಕಡಿಸಿ ಕಾದ ಹಂಚಿನ ಮೇಲೆ ಅಂಗೈ ಊರಿದಳು. ತಾಯತ ಕಟ್ಟಿಸಿದೆವು. ನಿದ್ದೆಯ ಗುಳಿಗೆ ತಿನ್ನಿಸಿದೆವು. ಗುಳಿಗೆ ತಿಂದರೂ ಕನಸು ನಿಲ್ಲಲಿಲ್ಲ, ಎಚ್ಚರಾಗಿ ಅದರಿಂದ ಪಾರಾಗುವುದು ಮಾತ್ರ ನಿಂತಿತು.

ಮೈದುನ ನನ್ನ ಮುಂದೆ ಬಂದು ನಿಂತ. "ವೈನಿ, ವಿಜಾಪುರಕ್ಕ ನೀವ ಕರಕೊಂಡ ಹೋಗ್ರಿ. ನನ್ನ ಜೋಡಿ ಆಕಿ ಮಾತಾಡಂಗಿಲ್ಲ."

ಒಲ್ಲೆ ಎನ್ನಬೇಕೆನಿಸಿತು. ಅವಳ ಮೇಲೆ ನನಗೆ ಸಿಟ್ಟಿತ್ತು. ಅದನ್ನು ಮುಚ್ಚಿಟ್ಟು ಬರೆಯಲಾರೆ. ಆದರೂ ಹೊರಟೆ.

ಜೋರಾಪುರ ಪೇಟೆಯ ದವಾಖಾನೆಯಲ್ಲಿ ಡಾಕ್ಟರು ಬಿ.ಪಿ. ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕನಸನ್ನು ಪೂರ್ತಿ ಕೇಳಿದರು.

"ದಿನಾ ಮಧ್ಯಾಹ್ನ, ಬೆಳಕಿನ್ಯಾಗ ಕೂತು ಈ ಕನಸ ಬಾಯಿಬಿಟ್ಟ ಹೇಳ್ಬೇಕವ್ವಾ. ಕೊನಿ ಮಾತ್ರ ಬ್ಯಾರೆ ಮಾಡಿ ಹೇಳು, ನಿನಗ ಹೆಂಗ ಬೇಕೋ ಹಂಗ. ಇದೂ ಟ್ರೀಟ್‌ಮೆಂಟ ಐತಿ. ಮನಿಯವ್ರು ಒಬ್ರು ಕೂತು ಕೇಳ್ಬೇಕು."

ಮನೆಯವರೆಂದರೆ ನಾನೇ. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಊರಿಗೆ ಬಂದೆವು.

ಊಟವಾದ ಮೇಲೆ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಹೇಳುತ್ತ ಹೇಳುತ್ತ ಅವಳ ಕುಪ್ಪಸ ಬೆವರಿನಿಂದ ತೊಯ್ಯುತ್ತಿತ್ತು. ನಾನು ದಿನವೂ ನನ್ನ ಮಗಳ ಸಾವನ್ನು ಕೇಳಿದೆ. ಗಂಗಿ ಕೊನೆಗೆ ಏನೆಂದು ಕೂಗಿದಳು ಎಂಬುದು ಗೊತ್ತಾದದ್ದೂ ಆಗಲೇ.

"ಅವ್ವಾ" ಎಂದಲ್ಲ. "ಚಿಗವ್ವಾ" ಎಂದು, ಚಿಕ್ಕಮ್ಮನನ್ನು.

ಕೊನೆ ಬದಲಿಸುವುದು ನೀಲವ್ವನಿಂದ ಆಗಲಿಲ್ಲ. "ನಿನ್ನ ಮುಂದ ಸುಳ್ಳ ಹೆಂಗ ಹೇಳ್ಲಿ ಅಕ್ಕಾ?" ಎನ್ನುತ್ತಿದ್ದಳು. ನನಗೂ ಅದು ಬೇಕಿರಲಿಲ್ಲ. ಮಗಳು ಬದುಕಿದಳು ಎಂದು ಕೇಳಿ, ಮರುಗಳಿಗೆ ಅವಳಿಲ್ಲದ ಮನೆಯಲ್ಲಿ ಎದ್ದು ಕಸ ಹೊಡೆಯುವುದು ಹೇಗೆ?

ಮೂರನೆಯ ವಾರ ನೀಲವ್ವ ಬಾವಿಕಟ್ಟೆ ಹತ್ತಿ ನಿಂತದ್ದನ್ನು ಕಂಡೆ. ಕೈಯಲ್ಲಿ ಕೊಡ ಇರಲಿಲ್ಲ.

ಹಿಡಿದು ಇಳಿಸಿದೆ. ಅಂದು ಮಧ್ಯಾಹ್ನ ನಾನೇ ಹೇಳಿದೆ, "ಆಕಿನ್ನ ದಂಡಿಗೆ ಕರಕೊಂಡ ಬಾ ನೀಲಾ. ನಾ ಕೇಳ್ತೀನಿ."

ಅವಳು ಕನಸು ಹೇಳುತ್ತ, ಕೊನೆಯಲ್ಲಿ ಮಗುವನ್ನು ಕರೆತಂದಳು. ದಂಡೆಯ ಮೇಲೆ ಗಂಗಿಯ ಲಂಗ ಹಿಂಡಿದಳು, ಸೆರಗಿನಿಂದ ತಲೆ ಒರೆಸಿದಳು. "ಥಂಡಿ ಹತ್ತಾಕತ್ತೈತಿ ಅಂತಾಳ ಅಕ್ಕಾ," ಎಂದಳು. ನಾನು ಹೂಂಗುಟ್ಟಿದೆ. ಆಮೇಲೆ ಎದ್ದು ಕಸ ಹೊಡೆದೆ.

ಅದಾಗಿ ಆರು ತಿಂಗಳು. ಕನಸು ಹೋಗಿಲ್ಲ. ವಾರದಲ್ಲಿ ಎರಡು ರಾತ್ರಿ ಬಿಡುವು ಕೊಡುತ್ತದೆ, ಆಗ ಅವಳು ನಾಲ್ಕು ತಾಸು ಮಲಗುತ್ತಾಳೆ. ಪೂರ್ತಿ ವಾಸಿಯಾಗುತ್ತದೆಂದು ಡಾಕ್ಟರೂ ಹೇಳಿಲ್ಲ. ಅವಳನ್ನು ಕ್ಷಮಿಸಿದ್ದೇನೆಯೇ ಎಂದರೆ ನನಗೆ ಗೊತ್ತಿಲ್ಲ. ಆ ನಾಲ್ಕು ತಾಸು ಅವಳ ಉಸಿರು ಸಮನಾಗಿ ಬರುವುದನ್ನು ಕೇಳುತ್ತ ಮಲಗಿರುತ್ತೇನೆ. ಅಷ್ಟಕ್ಕೆ ದೇವರಿಗೆ ಕೈ ಮುಗಿಯುತ್ತೇನೆ.

ಹೋದ ಸಲ ದವಾಖಾನೆಯಲ್ಲಿ ನೀಲವ್ವ ತಾನಾಗಿ ಬಾಯಿ ತೆರೆದಳು. "ಸಾಹೇಬ್ರ, ಇವ್ರೂ ಮಲಗಂಗಿಲ್ರಿ. ಹುಡುಗಿನ್ನ ಹಡದಾಕಿ ಇವ್ರ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಇನ್ನೊಂದು ಕೇಸ್ ಪೇಪರ್ ತೆಗೆದರು. ನನ್ನ ಹೆಸರು ಬರೆಸಿದೆ.

ಈಗ ಮಧ್ಯಾಹ್ನ ಇಬ್ಬರೂ ಹೇಳುತ್ತೇವೆ. ನನ್ನ ಕನಸಿನಲ್ಲಿ ನೀರು ಬರುವುದಿಲ್ಲ. ಗಂಗಿ ಊಟಕ್ಕೆ ಕೂತಿರುತ್ತಾಳೆ, ನಾನು ಬಿಸಿ ರೊಟ್ಟಿ ನೀಡುತ್ತಿರುತ್ತೇನೆ, ಅಷ್ಟೇ. ಅದರ ಕೊನೆಯನ್ನು ಏನೆಂದು ಬದಲಿಸಬೇಕೋ ನನಗೂ ತಿಳಿದಿಲ್ಲ, ಎದುರಿಗೆ ಕೂತ ನೀಲವ್ವನಿಗೂ ತಿಳಿದಿಲ್ಲ.